ಕಡಲು ನೋಡಿ ಬಂದ ಕಾಕಾ

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಜೂನ್ ಮೊದಲ ವಾರದ ಒಂದು ದಿನ, ಬೆಳಿಗ್ಗೆ ಹನ್ನೊಂದಕ್ಕೆ, ನಾನು ಪಾಲಿಬೆಟ್ಟದ ಎಸ್ಟೇಟಿನ ನರ್ಸರಿ ಬಾಗಿಲಲ್ಲಿ ನಿಂತಿದ್ದೆ. ನಾನಲ್ಲಿ ರೈಟರ್, ಲೆಕ್ಕ ಬರೆದು ಆಳುಗಳಿಂದ ಕೆಲಸ ಮಾಡಿಸುವವ. ಎರಡು ದಿನ ಮಳೆ ಬಂದಿತ್ತೆಂದು ಕಾಫಿ ಸಸಿ ಕಿತ್ತು ಗುಂಡಿಗೆ ನೆಡಲು ಹೇಳಿದ್ದೆ. ಸಸಿ ಸತ್ತರೆ ನನ್ನ ಕೆಲಸ ಹೋಗುತ್ತಿತ್ತು. ಒಂದು ಸಾಲು ನೆಟ್ಟಾಗಿತ್ತು.

ಆಗ ತಲಶ್ಶೇರಿಯಿಂದ ಮೀನು ತರುವ ಕಾಕಾ ಖಾಲಿ ಬುಟ್ಟಿ ಹೊತ್ತು ಬಂದರು. ಮೀನು ಕೊಳ್ಳುವ ಮೊದಲು ಮೊಣಕೈವರೆಗೆ ಕಡಲಲ್ಲಿ ಕೈ ಅದ್ದಿ ನೋಡುವುದು ಅವರ ರೂಢಿ.

“ಕಡಲು ನೋಡಿ ಬಂದೆ ರೈಟರೇ,” ಎಂದರು ಎಂದಿನಂತೆ. “ನೀರು ಬೆಚ್ಚಗುಂಟು, ಮತ್ತಿ ಮೀನು ದಡಕ್ಕೇ ಬರಲಿಲ್ಲ. ಹೀಗಾದ ವರ್ಷ ಮಳೆ ಕೈಕೊಡ್ತದೆ. ಸಸಿ ಕೀಳಬೇಡಿ.”

ಸಸಿ ಕೀಳುತ್ತಿದ್ದ ದೇವಕಿ ನಕ್ಕಳು. “ಮೀನಿಲ್ಲಾಂತ ಈಗ ಮಳೆ ಮಾರ್ತೀರಾ ಕಾಕಾ?”

“ಇವತ್ತು ಪುಕ್ಕಟೆ ಮೋಳೇ,” ಎಂದರು, ಮಲಯಾಳದಲ್ಲಿ ಮಗಳೇ ಎಂದು ಕರೆದು. ಬುಟ್ಟಿಯನ್ನು ಬಾಗಿಲಿಗೆ ಅಡ್ಡವಾಗಿ ಬೋರಲು ಹಾಕಿ ಅದರ ಮೇಲೆ ಕುಳಿತರು. ನಾನು ಕೆಲಸ ನಿಲ್ಲಿಸುವ ತನಕ ಏಳಲಿಲ್ಲ. ಮಾರಲು ಏನೂ ಇಲ್ಲದೆ ಘಟ್ಟ ಹತ್ತಿದ್ದು ಇದಕ್ಕೇ.

ಮೂರು ವಾರ ಒಂದು ಹನಿ ಬೀಳಲಿಲ್ಲ. ನೆಟ್ಟ ಸಾಲು ಕಣ್ಣೆದುರೇ ಒಣಗಿತು. ನರ್ಸರಿಯ ನೆರಳಲ್ಲಿದ್ದದ್ದು ಉಳಿಯಿತು.

ಕಾಕಾ ಈಗಿಲ್ಲ. ಅಂದು ಕಂಡವರಲ್ಲಿ ನಾನಲ್ಲದೆ ಬದುಕಿರುವವಳು ದೇವಕಿ ಒಬ್ಬಳೇ. ಜೂನ್ ಬಂದರೆ ಈಗಲೂ ಮಗನನ್ನು ಕೇಳುತ್ತಾಳೆ, “ಸಂತೆಗೆ ಮತ್ತಿ ಬಂತಾ?”