ಮುನಿಯಮ್ಮನ ಮೊಳಕೆ ಗಂಟು

ಟೇಕಲ್ ಊರಿನ ಹೆಂಗಸರಿಗೆ ಮಕ್ಕಳ ಆಹಾರದ ಪಾಠ ಹೇಳುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ನನ್ನ ಸರ್ಕಾರಿ ಕೆಲಸ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಗಂಜಿ ಕಾಯಿಸಿ ಕುಡಿಸಿ ಎನ್ನುತ್ತಿದ್ದೆ. ಖರ್ಚು ಉಳಿಸಲು ಈ ಪಾಠ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಹಾಗಾಗಿ ಒಂದು ದಿನ ಕೋಟು, ಪೇಟ ತೊಟ್ಟ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದು ನಿಂತಾಗ ನನಗೆ ಅನುಮಾನ ಬಂತು. ಹೆಂಗಸರಿಗೆ ಬಂದದ್ದು ಬೇರೆ ಅನುಮಾನ: ಇವನು ಲೆವಿಗೆಂದು, ಅಂದರೆ ಸರ್ಕಾರದ ಕಡ್ಡಾಯ ಧಾನ್ಯ ವಸೂಲಿಗೆಂದು, ಮನೆಮನೆಯ ರಾಗಿ ಎತ್ತಿಕೊಂಡು ಹೋಗುವವನು!

"ಈಯಮ್ಮ ಕಲಿಸಿದ್ದು ಮನೇಲಿ ಮಾಡ್ತೀರಾ?" ಎಂದರು ಅವರು.

"ರಾಗಿನೇ ಇಲ್ಲ ಸ್ವಾಮಿ, ಮೊಳಕೆ ಎಲ್ಲಿಂದ ಕಟ್ಟೋದು?" ಎಂದಳು ಅವರಲ್ಲೊಬ್ಬಳಾದ ಮುನಿಯಮ್ಮ. ಎಲ್ಲರೂ ತಲೆಯಾಡಿಸಿದರು. ನನಗೆ ತೋರಿಸಲು ತಂದಿದ್ದ ಮೊಳಕೆ ಗಂಟು ಅವಳ ಸೆರಗಿನೊಳಗಿತ್ತು. ಅದರಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

ಅಧಿಕಾರಿ ನನ್ನತ್ತ ತಿರುಗಿ, "ನಿಜಾನಾ?" ಎಂದರು.

ಆಸಾಮಿ ತಾವು ಯಾವ ಇಲಾಖೆಯವರೆಂದು ಬಾಯಿಬಿಟ್ಟಿರಲಿಲ್ಲ. ನಿಜ ಹೇಳಿದರೆ ನನ್ನ ಕೆಲಸ ಉಳಿಯಬಹುದಿತ್ತು, ಹೆಂಗಸರ ರಾಗಿ ಹೋಗಬಹುದಿತ್ತು. ನಾನು ಮೆಲ್ಲಗೆ ಸರಿದು ಆ ಒದ್ದೆಯ ಮೇಲೆ ನಿಂತು, "ನಿಜ ಸ್ವಾಮಿ" ಎಂದೆ.

"ರಾಗಿನೇ ಇಲ್ಲದ ಊರಲ್ಲಿ ಈ ಪಾಠ ದಂಡ. ನಿಲ್ಲಿಸಿಬಿಡೋಣ" ಎಂದು ನನಗಷ್ಟೇ ಕೇಳುವಂತೆ ಹೇಳಿ, ಬರೆದುಕೊಂಡು ಅವರು ರೈಲಿಗೆ ಹೊರಟರು.

ಮುನಿಯಮ್ಮ ಗಂಟು ಬಿಚ್ಚಿದಳು. ಮೊಳಕೆ ನಾನು ಹೇಳಿಕೊಟ್ಟಂತೆಯೇ ಬಂದಿತ್ತು.

"ಸದ್ಯ, ಹೋದ" ಎಂದು ನಕ್ಕಳು. "ಅಮ್ಮಾ, ಮುಂದಿನ ವಾರ ಏನು ಕಲಿಸ್ತೀರಾ?"