ಕಾಕಾನ ತಾಳ ಮತ್ತು ಜಮೈಕಾದ ಹಾಡು

ನಮ್ಮ ಕಾಕಾನಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜನ: ತಾಳ ಹಿಡಿಯುವವರು, ತಾಳ ತಪ್ಪುವವರು. ನಾನು ಎರಡನೆಯ ಬಗೆಯವಳೆಂದು ನಾನಿನ್ನೂ ಲಂಗದಲ್ಲಿ ಓಡಾಡುವಾಗಲೇ ತೀರ್ಮಾನಿಸಿಬಿಟ್ಟಿದ್ದರು. ಕೊಣ್ಣೂರಿನ ನಮ್ಮ ಓಣಿಯ ಭಜನಿ ಮೇಳಕ್ಕೆ ಅವರೇ ಹಿರಿಯರು. ಸೋಮವಾರ ಸಂಜೆ ಮನೆ ಎದುರಿನ ಗುಡಿಯಲ್ಲಿ ಹಾಡು ಶುರುವಾದರೆ ತಬಲಾದವನು ಅವರ ಕೈಯ ಕಂಚಿನ ತಾಳದ ಮೇಲೆ ಒಂದು ಕಣ್ಣಿಟ್ಟಿರಬೇಕು. ಯಾರಾದರೂ ತಪ್ಪಿದರೆ ಹಾಡು ನಿಲ್ಲಿಸದೆ ಹುಬ್ಬಿನಲ್ಲೇ ಬೈಯುತ್ತಿದ್ದರು. ಹುಕ್ಕೇರಿ, ಮೂಡಲಗಿ ಕಡೆಯ ಮೇಳಗಳೂ ಆ ಹುಬ್ಬಿಗೆ ಅಂಜುತ್ತಿದ್ದವು.

ಹೋದ ವರ್ಷ ಅವರಿಗೆ ಸಣ್ಣದಾಗಿ ಲಕ್ವಾ ಹೊಡೆಯಿತು. ನಡಿಗೆ ತಿರುಗಿ ಬಂತು, ಮಾತು ಬಂತು, ಬೈಗುಳ ಎಲ್ಲಕ್ಕಿಂತ ಮೊದಲು ಬಂತು. ಬಲಗೈ ಮಾತ್ರ ಮನಸ್ಸು ಹೇಳಿದ ಮೇಲೆ ತುಸು ಯೋಚಿಸಿ ಏಳುತ್ತಿತ್ತು. ಭಜನೆಯಲ್ಲಿ ಎಲ್ಲರ ತಾಳ ಬಿದ್ದ ಮೇಲೆ ಕಾಕಾನದು ಬಿತ್ತು. ಮೇಳದವರು ಮರ್ಯಾದೆಗಾಗಿ ಸುಮ್ಮನಿದ್ದರು. ಅದನ್ನೇ ಕಾಕಾನಿಗೆ ತಡೆಯಲಾಗಲಿಲ್ಲ. ಮನೆಗೆ ಬಂದವರೇ ತಾಳವನ್ನು ಅರಿವೆಯಲ್ಲಿ ಸುತ್ತಿ ಗೂಟಕ್ಕೆ ನೇತುಹಾಕಿದರು. ಕೇಳಿದವರಿಗೆಲ್ಲ, "ಗುಡ್ಯಾಗ ಸೊಳ್ಳಿ ಭಾಳ ಆಗ್ಯಾವ" ಎಂದರು. ಸೊಳ್ಳೆ ಮನೆಯಲ್ಲೂ ಇದ್ದವು. ಸೋಮವಾರ ಗುಡಿಯ ಹಾಡು ಕೇಳಿಸಿದೊಡನೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು.

ನನ್ನ ಹುಚ್ಚು ಬೇರೆ. ಅರಭಾವಿಗೆ ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲಿ ಕೂತು ಜಮೈಕಾ ದ್ವೀಪದ ಹಾಡು ಕೇಳುವುದು. ಅರವತ್ತರ ದಶಕದ ಕೊನೆಯ ರಾಕ್‌ಸ್ಟೆಡಿ, ಅದರ ಬೆನ್ನಿಗೇ ಬಂದ ರೆಗ್ಗೆ. ಗಡಿಬಿಡಿಯಿಲ್ಲದ ಹಾಡುಗಳು. ಗಿಟಾರು ಪೆಟ್ಟು ಬೀಳಬೇಕಾದಲ್ಲಿ ಸುಮ್ಮನಿದ್ದು, ಎರಡು ಪೆಟ್ಟುಗಳ ನಡುವಿನ ಸಂದಿಯಲ್ಲಿ ಚಕ್ ಎನ್ನುತ್ತದೆ. ಒಮ್ಮೆ ಮನೆಯಲ್ಲಿ ಹಚ್ಚಿದೆ. ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು.

"ಯವ್ವಾ, ಇವರಿಗೆ ತಾಳ ಕಲಿಸಿದವರು ಯಾರು? ಪೆಟ್ಟ ಬಿದ್ದ ಮ್ಯಾಲ ಹೊಡೀತಾರಲ್ಲ."

"ಅವರ ರೀತಿನ ಹಂಗ ಐತ್ರಿ ಕಾಕಾ."

"ಅಲ್ಲೆ ಏನ್ ಬೆಳೀತಾರ?"

"ಕಬ್ಬು ಬೆಳೀತಾರ್ರಿ."

ಕಾಕಾ ತುಸು ಮೆತ್ತಗಾದರು. ಕಬ್ಬು ಬೆಳೆಯುವವರನ್ನು ಪೂರ್ತಿ ತಳ್ಳಿಹಾಕುವುದು ನಮ್ಮ ಮನೆಯಲ್ಲಿ ಯಾರಿಂದಲೂ ಆಗದು. ಆದರೆ ಪೆಟ್ಟು ಬಿದ್ದ ಮೇಲೆ ಹೊಡೆಯುತ್ತಾರೆಂಬ ಅವರ ದೂರು ನನ್ನ ತಲೆಯಲ್ಲೇ ಕೂತಿತು.

ಮುಂದಿನ ಸೋಮವಾರ ಭಜನೆಯ ಹೊತ್ತಿಗೆ ನಾನೇ ಕಿಟಕಿ ಮುಚ್ಚಿ ಆ ಹಾಡು ಹಚ್ಚಿದೆ. ಗೂಟದ ಗಂಟು ಬಿಚ್ಚಿ ತಾಳವನ್ನು ಅವರ ಮುಂದಿಟ್ಟೆ. ದುರುಗುಟ್ಟಿ ನೋಡಿದರು.

"ಅವರಿಗೆ ಸರಿ ತಾಳ ನೀವರ ತೋರಸ್ರಿ" ಎಂದೆ.

ತಿದ್ದುವ ಅವಕಾಶ ಸಿಕ್ಕರೆ ಕಾಕಾ ಬಿಟ್ಟವರಲ್ಲ. ತಾಳ ಎತ್ತಿಕೊಂಡು ನೇರ ಪೆಟ್ಟಿಗೇ ಗುರಿಯಿಟ್ಟರು. ಕೈ ಎಂದಿನಂತೆ ತಡ ಮಾಡಿತು. ತಾಳ ಹೋಗಿ ಗಿಟಾರಿನ ಚಕ್ ಜೊತೆಗೇ ಬಿತ್ತು. ಮತ್ತೆ ಹೊಡೆದರು, ಮತ್ತೆ ಅಲ್ಲೇ. ಹುಬ್ಬು ಮೇಲೇರಿತು, ಬೈಯಲು ಯಾರೂ ಸಿಗದೆ ಅಲ್ಲೇ ನಿಂತಿತು. ಹಾಡು ಮುಗಿಯುವ ತನಕ ಒಂದು ಪೆಟ್ಟೂ ತಪ್ಪಲಿಲ್ಲ. ನಾನು ಕಣ್ಣೊರೆಸಿಕೊಳ್ಳಲು ಅಡುಗೆಮನೆಯ ಕಡೆ ತಿರುಗಿದೆ.

"ಈಗ ಜರಾ ಸುಧಾರಿಸ್ಯಾರ ನೋಡು" ಎಂದರು, ಜಮೈಕಾದವರ ಬಗ್ಗೆ. ತಾಳವನ್ನು ಕೆಳಗಿಡಲಿಲ್ಲ.

"ಇನ್ನೊಂದ ಹಚ್ಚು. ಆ ಕಿಡಕಿ ತಗಿ, ಗುಡ್ಯಾಗಿನವರಿಗೂ ಕೇಳಸ್ಲಿ."