ಕೊಪ್ಪರಿಗೆಯಲ್ಲಿ ತವರಿಗೆ

ಮದಲೂರು ಕೆರೆ ತುಂಬಿದ ವರ್ಷ ಸುತ್ತಮುತ್ತಲ ಊರೆಲ್ಲ ನಕ್ಕಿತು. ಅತ್ತವಳು ನಾನೊಬ್ಬಳೇ ಇರಬೇಕು. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನನಗೆ ಮದುವೆಯಾಗಿ ವರ್ಷ ಕಳೆದು ಹೊಟ್ಟೆಯಲ್ಲಿ ಚೊಚ್ಚಲು ಕೂಸಿತ್ತು. ಕೆರೆಯ ಈ ದಡದಲ್ಲಿ ಗಂಡನ ಊರು, ಆ ದಡದಲ್ಲಿ ತವರು. ತವರೆಂದರೆ ಅವ್ವ ಮತ್ತು ಅವಳ ಕುರಿಗಳು, ಅಷ್ಟೇ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ.

ನಾನು ಬುದ್ಧಿ ಕಂಡಾಗಿನಿಂದ ಅದನ್ನು ಕೆರೆಯಾಗಿ ನೋಡಿರಲಿಲ್ಲ. ಮಳೆಗಾಲದಲ್ಲಿ ತೂಬಿನ ಹತ್ತಿರ ಒಂದಿಷ್ಟು ಕೆಸರುನೀರು ನಿಲ್ಲುತ್ತಿತ್ತು. ಉಳಿದದ್ದೆಲ್ಲ ಜಾಲಿ ಮರ, ಕುರಿ ಹಿಕ್ಕೆ, ಕಾಲುದಾರಿ. ನನ್ನ ಮದುವೆ ಮಾತಿಗೆ ಕೂತಾಗ ಅವ್ವ ಗಂಡಿನ ಹೊಲ ಎಷ್ಟು, ಮನೆ ಎಂಥದ್ದು ಎಂದು ಹೆಚ್ಚು ಕೇಳಲೇ ಇಲ್ಲ. "ಕೆರೆ ದಾಟಿದ್ರೆ ಮಗ್ಳು ಮನೆ. ಇನ್ನೇನ್ ಬೇಕು ನಂಗೆ" ಅಂದುಬಿಟ್ಟಳು. ನಮ್ಮ ಸೀಮೆಯವರು ಕೆರೆಯನ್ನು ಬಯಲೆಂದೇ ಲೆಕ್ಕ ಹಾಕುತ್ತಿದ್ದರು.

ಕೆರೆಯ ನಡುವೆ ಒಂದು ದೊಡ್ಡ ಜಾಲಿ ಮರವಿತ್ತು. ಅವ್ವ ಕುರಿ ಹೊಡೆದುಕೊಂಡು ಆ ಕಡೆಯಿಂದ ಬರುತ್ತಿದ್ದಳು, ನಾನು ಸೌದೆಯ ನೆಪ ಹೇಳಿ ಈ ಕಡೆಯಿಂದ ಹೋಗುತ್ತಿದ್ದೆ. ಅವಳ ಸೆರಗಿನಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇರುತ್ತಿತ್ತು. ತಿನ್ನುವವರೆಗೆ ಸುಮ್ಮನೆ ನೋಡುತ್ತಿದ್ದಳು. ತಿಂದಾದ ಮೇಲೆ ತಲೆಗೆ ಎಣ್ಣೆ ಇಟ್ಟಿಲ್ಲ, ಕಾಲು ಒಡೆದಿದೆ ಎಂದು ಬೈಯಲು ಶುರುಮಾಡುತ್ತಿದ್ದಳು. ನಾನು ನಾಲ್ಕು ಪುಳ್ಳೆ ಹಿಡಿದುಕೊಂಡು ಮನೆಗೆ ಬಂದರೆ ಅತ್ತೆ ಹಟ್ಟಿ ಬಾಗಿಲಲ್ಲೇ ನಿಂತು, "ಏನಮ್ಮ, ಕೆರೇನಾಗೆ ಸೌದೆ ಕಮ್ಮಿ ಆದಂಗ್ ಕಾಣ್ತದೆ, ಚಟ್ನಿ ವಾಸ್ನೆ ಮಾತ್ರ ಜಾಸ್ತಿ" ಅನ್ನುತ್ತಿದ್ದಳು. ಅವಳ ನಾಲಗೆ ಕುಡುಗೋಲಿಗಿಂತ ಚೂಪು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಅಂಥ ಕೆರೆ ಆ ವರ್ಷ ಹಿಂಗಾರು ಹಿಡಿದು ಹುಯ್ದದ್ದಕ್ಕೆ ತುಂಬಿ ಕೋಡಿ ಬಿತ್ತು. ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಗಂಗಮ್ಮನಿಗೆ ಬಾಗಿನ ಬಿಟ್ಟರು. ನಾನೂ ಬಿಟ್ಟೆ. ನನ್ನ ಮೊರ ತೇಲುವುದನ್ನು ನೋಡುತ್ತ, ಇದಾದರೂ ಅವ್ವನ ಕಡೆ ಹೋಗಲಿ ಅಂದುಕೊಂಡೆ. ಸ್ವಲ್ಪ ದೂರ ಹೋಗಿ ಮುಳುಗಿತು.

ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ಏಳು ತಿಂಗಳಿಗೆ ಕರೆದುಕೊಂಡು ಹೋಗಬೇಕಿದ್ದ ಅವ್ವ, ಕುರಿ ನೋಡಿಕೊಳ್ಳುವವರಿಲ್ಲದೆ ಸುತ್ತುದಾರಿಯಲ್ಲಿ ಬರಲಾಗದೆ, ನನಗೆ ಎಂಟು ತುಂಬಿತು. ಏರಿಯ ಮೇಲೆ ನಡೆದು ಹೋಗೋಣವೆಂದರೆ ಆ ತುದಿಯಲ್ಲಿ ಕೋಡಿ ಭೋರ್ಗರೆಯುತ್ತಿತ್ತು, ಅದರ ಕೆಳಗಿನ ದಾರಿಯೂ ಕೊಚ್ಚಿಹೋಗಿತ್ತು. ಶಿರಾಕ್ಕೆ ಹೋಗಿ ಇನ್ನೊಂದು ಬಸ್ಸು ಹಿಡಿದು ಸುತ್ತಿಕೊಂಡು ಹೋಗಬಹುದಿತ್ತು. ಅದಕ್ಕೆ ಅತ್ತೆ ಒಪ್ಪಲಿಲ್ಲ.

"ಆ ರಸ್ತೇನಾಗೆ ಬಸ್ ಕುಲುಕೋದಕ್ಕೆ ದಾರೀಲೇ ಹೆತ್ಬುಡ್ತಾಳೆ. ನೀರ್ ಮ್ಯಾಲಾದ್ರೆ ಹೂವೆತ್ತಿದಂಗೆ ಹೋಗ್ಬೌದು ಕಣ್ಲಾ. ನೀರ್ನಾಗೆ ಹಳ್ಳ ಇರ್ತದಾ, ದಿಣ್ಣೆ ಇರ್ತದಾ?" ಎಂದು ಮಗನನ್ನು ಕೇಳಿದಳು.

ನನ್ನ ಗಂಡನಿಗೂ ಅದು ಸರಿಯೆನಿಸಿತು. ನನಗೂ ಅನಿಸಿತು. ಸೊಂಟ ಮುಳುಗುವಷ್ಟು ನೀರನ್ನೂ ಕಾಣದ ಜನ ನಾವು. ನೀರೆಂದರೆ ಮೆತ್ತಗಿರುತ್ತದೆ ಅಂತಲೇ ನಂಬಿದ್ದೆವು.

ದೋಣಿ ನಮ್ಮಲ್ಲಿ ಯಾರ ಬಳಿ ಇರುತ್ತದೆ? ಹೊಳವನಹಳ್ಳಿ ಕಡೆಯ ಆಲೆಮನೆಯೊಂದರಿಂದ ಬೆಲ್ಲ ಕಾಯಿಸುವ ಹಳೆಯ ಕೊಪ್ಪರಿಗೆಯನ್ನು ಊರವರು ಗಾಡಿಯಲ್ಲಿ ತಂದಿದ್ದರು. ಹುಡುಗರು ಅದರಲ್ಲಿ ಕೂತು ದಡದಗುಂಟ ಹುಲ್ಲು ತರುತ್ತಿದ್ದರು. ಒಂದು ಬೆಳಗ್ಗೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ನಾವು ಮೂವರು ಹತ್ತಿದೆವು. ಗಂಡನ ಕೈಯಲ್ಲಿ ಬಿದಿರು ಗಳ, ಅತ್ತೆಯ ಕೈಯಲ್ಲಿ ಚೊಂಬು, ನನ್ನ ಮಡಿಲಲ್ಲಿ ಬಟ್ಟೆಯ ಗಂಟು. ನಾವು ಹೊರಟ ಕಡೆ ಕೆರೆ ಸೊಂಟದ ಹಾಗೆ ಕಿರಿದಾಗಿತ್ತು. ಕೂಗಿದರೆ ಕೇಳುತ್ತಿರಲಿಲ್ಲ, ಕಣ್ಣಿಗೆ ಮಾತ್ರ ಆ ದಡ ಕಾಣುತ್ತಿತ್ತು. ಸಂತೆಗೆ ಹೋದವರ ಬಾಯಲ್ಲಿ ಹೇಳಿಕಳಿಸಿದ್ದರಿಂದ ಅವ್ವ ಆಗಲೇ ಬಂದು ನಿಂತಿದ್ದಳು. ಅವಳ ಹಸಿರು ಸೀರೆ ನನಗೆ ಎಷ್ಟು ದೂರದಿಂದಲೂ ಗುರುತು ಸಿಗುತ್ತದೆ.

ಅರ್ಧ ದಾರಿಯವರೆಗೆ ಅತ್ತೆಯ ಮಾತು ನಿಜವಾಯಿತು. ಆಮೇಲೆ ಆ ಕಡೆಯಿಂದ ಗಾಳಿ ಎದ್ದಿತು. ಕೊಪ್ಪರಿಗೆಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಗಿರಗಿರನೆ ತಿರುಗಲು ಶುರುವಾಯಿತು. ಒಂದು ಸಲ ಅವ್ವ ಕಾಣುತ್ತಿದ್ದಳು, ಇನ್ನೊಂದು ಸಲ ಏರಿ ಕಾಣುತ್ತಿತ್ತು. ಅಲೆಗಳು ಕಬ್ಬಿಣಕ್ಕೆ ಬಡಿದು ಒಳಗೆ ನುಗ್ಗಿದವು. ಅತ್ತೆ ಚೊಂಬಿನಿಂದ ನೀರು ಮೊಗೆದು ಎಸೆಯುತ್ತ ಗಂಗಮ್ಮನನ್ನೂ ನನ್ನನ್ನೂ ಒಟ್ಟಿಗೇ ಬೈದಳು. "ಅಲ್ಲಾಡ್ಬ್ಯಾಡ ಕಣಮ್ಮ! ಹೊಟ್ಟೆ ಹಿಡ್ಕಂಡು ಕುಂತ್ಕ!" ಗಂಡನ ಗಳಕ್ಕೆ ನೆಲ ಸಿಗಲಿಲ್ಲ. ನೀರಿನ ಸೆಳೆತ ನಮ್ಮನ್ನು ಕೋಡಿಯ ಕಡೆಗೆ ಎಳೆಯುತ್ತಿತ್ತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಅನ್ನುತ್ತಾರೆ. ಹಾಗೆ ಅನ್ನುವವರು ಬಸುರಿಯಾಗಿ ಕೊಪ್ಪರಿಗೆಯಲ್ಲಿ ಕೂತಿರಲಿಕ್ಕಿಲ್ಲ. ಕೂಸು ಒಳಗೆ ಒದೆಯುತ್ತಿತ್ತು. ನಾನು ಬಟ್ಟೆಯ ಗಂಟನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ.

ಅಷ್ಟರಲ್ಲಿ ಏನೋ ಕರಕರ ಕೊರೆದ ಸದ್ದಾಗಿ ಕೊಪ್ಪರಿಗೆ ನಿಂತಿತು. ನೀರಿನಿಂದ ಮುಳ್ಳಿನ ರೆಂಬೆಗಳು ಮೇಲೆದ್ದಿದ್ದವು. ನಮ್ಮ ಜಾಲಿ ಮರದ ನೆತ್ತಿ! ಗಂಡ ಎರಡೂ ಕೈಯಲ್ಲಿ ರೆಂಬೆಯನ್ನು ತಬ್ಬಿ ಹಿಡಿದ. ಅಂಗೈಯೆಲ್ಲ ರಕ್ತವಾದರೂ ಬಿಡಲಿಲ್ಲ. ನಾನೂ ಅವ್ವನೂ ಕೂತು ರೊಟ್ಟಿ ತಿಂದ ನೆಲದ ಮೇಲೆ, ಮರದಷ್ಟು ಎತ್ತರದಲ್ಲಿ, ನಾವು ತೂಗಾಡುತ್ತಿದ್ದೆವು.

ಗಾಳಿ ಸ್ವಲ್ಪ ತಗ್ಗಿದಾಗ ನಾನು, "ಇನ್ನೊಂದ್ ಇಷ್ಟೇ ಅಲ್ವಾ, ಹೋಗ್ಬುಡಾನ" ಅಂದೆ. ಗಂಡ ತಾಯಿಯ ಮುಖ ನೋಡಿದ. ಅತ್ತೆ ಆ ದಡವನ್ನೇ ನೋಡುತ್ತಿದ್ದಳು.

ಅವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಿದ್ದಳು. ಕೋಳಿ ಓಡಿಸುವ ಹಾಗೆ ಎರಡೂ ಕೈ ಬೀಸುತ್ತಿದ್ದಳು. ಹೋಗು, ಹೋಗು. ನಾನು ಬಾ ಎಂದು ಕರೆಯಲಿ ಅಂತ ಕಾದೆ. ಅವಳ ಕೈ ನಿಲ್ಲಲೇ ಇಲ್ಲ.

"ನಿಮ್ಮವ್ವ ಹೇಳ್ತಾವ್ಳೆ, ನೋಡು. ಹೆತ್ತೋಳಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಎಂದಳು ಅತ್ತೆ. ಗಂಡ ರೆಂಬೆ ಬಿಟ್ಟ. ಗಳದಿಂದ ಮರವನ್ನು ನೂಕಿ ನಮ್ಮೂರ ಕಡೆಯ ಏರಿಗೆ ತಿರುಗಿಸಿದ. ಗಾಳಿಯ ಬೆನ್ನಿಗೆ ಬಿದ್ದ ಕೊಪ್ಪರಿಗೆ ನಮ್ಮನ್ನು ಬೇಗ ಬೇಗ ಮನೆಗೆ ತಲುಪಿಸಿತು. ಅವ್ವ ನನ್ನನ್ನು ಎರಡು ಸಲ ಕಳಿಸಿಕೊಟ್ಟಳು. ಮದುವೆಯಲ್ಲಿ ಮಡಿಲು ತುಂಬಿ ಕಳಿಸಿದಳು, ಆ ದಿನ ಬರಿಗೈ ಬೀಸಿ ಕಳಿಸಿದಳು.

ಗಂಡನ ಮನೆಯ ನಡುಮನೆಯಲ್ಲೇ ಹೆತ್ತೆ. ಹೆಣ್ಣು ಕೂಸು. ಸೂಲಗಿತ್ತಿ ಇದ್ದಳು, ಅತ್ತೆ ಬಿಸಿನೀರು ಕಾಯಿಸಿದಳು, ಯಾವುದಕ್ಕೂ ಕೊರತೆಯಾಗಲಿಲ್ಲ. ಆದರೂ ನೋವು ತಿನ್ನುವಾಗ ನಾನು ಒಬ್ಬಳೇ ಇದ್ದೆ. ಅವ್ವಾ ಎಂದು ಕೂಗಿದಷ್ಟೂ ಸಲ ಅತ್ತೆ ಓಗೊಡುತ್ತಿದ್ದಳು. ಅದರಿಂದ ನನಗೆ ಇನ್ನಷ್ಟು ಸಂಕಟವಾಗುತ್ತಿತ್ತು. ಆಮೇಲೆ ಬಾಣಂತಿ ಕೋಣೆಯಲ್ಲಿ ಹೊಗೆ, ಕತ್ತಲು, ಹಾಲು ಕುಡಿದು ಮಲಗುವ ಕೂಸು. ಗಂಡ ನೀರು ಬಂದ ಗದ್ದೆಯಲ್ಲೇ ಹಗಲೆಲ್ಲ ಕಳೆಯುತ್ತಿದ್ದ. ಅವನದೂ ತಪ್ಪಲ್ಲ. ವರ್ಷಗಳ ಮೇಲೆ ನೆಲ ಹದವಾಗಿತ್ತು. ಕೋಡಿಯ ಸದ್ದು ಮಾತ್ರ ಗೋಡೆ ದಾಟಿ ನನ್ನ ಹತ್ತಿರ ಬರುತ್ತಿತ್ತು.

ಒಂದು ವಿಷಯಕ್ಕೆ ಅತ್ತೆಯ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಎಳೆಗೂಸಿನ ಬಟ್ಟೆಯನ್ನು ನಮ್ಮಲ್ಲಿ ಯಾರೂ ಬಯಲಲ್ಲಿ ಒಣಗಿಸುವುದಿಲ್ಲ, ದೃಷ್ಟಿಯಾಗುತ್ತದೆ. ಈ ಮಹಾತಾಯಿ ದಿನಾ ಬೆಳಗ್ಗೆ ಅಷ್ಟೂ ಬಟ್ಟೆ ಒಗೆದು ಪುಟ್ಟಿಗೆ ತುಂಬಿಕೊಂಡು ಏರಿಗೆ ಹೋಗುತ್ತಿದ್ದಳು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಹಲ್ಲು ಕಡಿದುಕೊಂಡು ಮಲಗಿದ್ದೆ.

ಪುರುಡು ಕಳೆದ ಮೇಲೆ ಗಂಗೆ ಪೂಜೆಗೆಂದು ನನ್ನನ್ನು ಏರಿಯ ಮೇಲಕ್ಕೆ ಕರೆದೊಯ್ದರು. ನನ್ನನ್ನು ತಡೆದ ನೀರಿಗೆ ನಾನೇ ಅರಿಶಿನ ಕುಂಕುಮ ಹಾಕಬೇಕಿತ್ತು. ಹಾಕಿ ಎದ್ದು ನಿಂತೆ. ಏರಿಯ ಪಕ್ಕದ ಗಿಡಗಳ ಮೇಲೆ ಕೂಸಿನ ಬಿಳಿ ಬಟ್ಟೆಗಳು ಸಾಲಾಗಿ ಹರಡಿದ್ದವು. ಎಲ್ಲವೂ ಆ ದಡಕ್ಕೆ ಕಾಣುವ ಕಡೆಗೇ.

ಆ ದಡ ನೋಡಿದೆ. ಅಲ್ಲಿಯೂ ಗಿಡಗಳ ಮೇಲೆ ಒಂದು ಸಾಲು ಬಟ್ಟೆ. ಚಿಕ್ಕ ಚಿಕ್ಕವು, ಹಸಿರು. ಅವ್ವನ ಮೆತ್ತನೆಯ ಹಳೆಯ ಸೀರೆ, ಕೂಸಿಗೆಂದು ಹರಿದದ್ದು.

"ಕೂಸು ಹುಟ್ಟಿದ್ ಮಾರ್ನೇ ದಿನದಿಂದ ಅವ್ಳೂ ಒಣಗಾಕ್ತಾವ್ಳೆ" ಎಂದಳು ಅತ್ತೆ, ನನ್ನ ಮುಖ ನೋಡದೆ. "ಸುದ್ದಿಗೆ ಸಂತೆ ದಿನದವರ್ಗೂ ಕಾಯಾಕ್ ಆಯ್ತದಾ ಹೆತ್ತ್ ಕರುಳ್ಗೆ?"

ಅತ್ತೆ ಕೂಸನ್ನು ಸುತ್ತಿದ ಬಟ್ಟೆ ಬಿಗಿ ಮಾಡಿ ನನ್ನ ಕೈಗೆ ಕೊಟ್ಟು, "ತೋರ್ಸು" ಅಂದಳು.

ಮಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಆ ಹಸಿರು ಬಟ್ಟೆಗಳ ನಡುವಿನಿಂದ ಅವ್ವ ಎದ್ದು ನೀರಿನ ಅಂಚಿಗೆ ಬಂದಳು. ಈ ಸಲ ಕೈ ಬೀಸಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹರಡಿ, ಕೂಸನ್ನು ಇಸಿದುಕೊಳ್ಳುವವಳ ಹಾಗೆ ಮುಂದಕ್ಕೆ ಒಡ್ಡಿ ನಿಂತಳು. ನನ್ನ ತೋಳು ಸೋಲುವವರೆಗೂ ಹಾಗೇ ನಿಂತಿದ್ದಳು.